ಗಾಬರಿಯಾಗಬೇಡಿ, ಸಹಾಯ ಬರುತ್ತಿದೆ

ನಮ್ಮ ಬಡಾವಣೆಯಲ್ಲಿ ಮನೆ ಇರುವುದು ನನ್ನ ಹೆಂಡತಿಗೆ. ನಾನು ಆ ಮನೆಯೊಳಗೆ ಇರುವವನು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ಮುಂದೆ ನಡೆದ ಅನಾಹುತಕ್ಕೆಲ್ಲ ಮೂಲ ಇದೇ. ಅವಳು ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರು. ದಿನಕ್ಕೆ ಹತ್ತು ಜನ ಅವಳೆದುರು ಮಾತು ನಿಲ್ಲಿಸುತ್ತಾರೆ. ಸಂಜೆ ಮನೆಗೆ ಬಂದ ಮೇಲೆ ಹನ್ನೊಂದನೆಯವನು ನಾನು.

ನನ್ನ ಕೆಲಸ ಲಿಫ್ಟ್ ತಪಾಸಣೆ. ಇಲಾಖೆ ಸೇರಿ ಇಪ್ಪತ್ತೆರಡು ವರ್ಷವಾಯಿತು. ಮಹಾನಗರದ ಕಟ್ಟಡಗಳಲ್ಲಿ ದಿನವಿಡೀ ಮೇಲೆ ಹೋಗುತ್ತೇನೆ, ಕೆಳಗೆ ಬರುತ್ತೇನೆ. ನನ್ನ ಹುದ್ದೆ ಮಾತ್ರ ಹತ್ತಿದ ಮಹಡಿಯಲ್ಲೇ ನಿಂತಿದೆ.

ಬಡಾವಣೆ ಇರುವುದು ಮಹಾನಗರದಿಂದ ರೈಲಿನಲ್ಲಿ ನಲವತ್ತು ನಿಮಿಷ ದೂರದಲ್ಲಿ. ಮನೆಗಳೆಲ್ಲ ಕೆನೆ ಬಣ್ಣ, ಬೇಲಿಗಿಡಗಳೆಲ್ಲ ಸೊಂಟದೆತ್ತರ, ನಿಯಮಗಳು ಅರವತ್ತನಾಲ್ಕು. ಜನ ಎಲ್ಲೆಲ್ಲಿಂದಲೋ ಬಂದವರು. ಪಕ್ಕದ ಮನೆಯಲ್ಲಿ ಜಗಳವಾದರೆ ಅದು ಯಾವ ಭಾಷೆಯ ಜಗಳವೆಂದೇ ತಿಳಿಯುವುದಿಲ್ಲವಾದ್ದರಿಂದ ಬಡಾವಣೆಯಲ್ಲಿ ಅಖಂಡ ಶಾಂತಿ ನೆಲೆಸಿದೆ. ಹೆಬ್ಬಾಗಿಲಿನ ಮೇಲೆ ಹನ್ನೊಂದು ಭಾಷೆಗಳಲ್ಲಿ ಸ್ವಾಗತ ಬರೆದಿದೆ. ಕೆಳಗೆ ಒಂದೇ ಭಾಷೆಯಲ್ಲಿ, ಅಪರಿಚಿತರಿಗೆ ಪ್ರವೇಶವಿಲ್ಲ ಎಂದೂ ಬರೆದಿದೆ.

ಹೀಗಿರುವಾಗ ಒಂದು ಭಾನುವಾರ ಸಂಘದ ಕಾರ್ಯದರ್ಶಿ ಅರ್ಜಿಯೊಂದನ್ನು ಹಿಡಿದು ಬಂದರು. ಇವರು ಕಸ್ಟಮ್ಸಿನಲ್ಲಿದ್ದು ನಿವೃತ್ತರಾದವರು. ನಮಸ್ಕಾರ ಹೇಳಿದರೂ ಅದರೊಳಗೆ ಏನೋ ಅಡಗಿಸಿಟ್ಟಿದ್ದೀರಿ ಎಂಬಂತೆ ನೋಡುತ್ತಾರೆ. ಮಹಾನಗರದ ದೊಡ್ಡ ಪತ್ರಿಕೆಯೊಂದು ಸುತ್ತಲಿನ ಬಡಾವಣೆಗಳ ಪರಿಚಯ ಬರೆಯುತ್ತಿದೆಯಂತೆ, ವಾರಕ್ಕೊಂದು, ಇಡೀ ಪುಟ. ಬರುವ ಶುಕ್ರವಾರ ಪತ್ರಿಕೆಯವಳು ನಮ್ಮಲ್ಲಿಗೆ ಬರುತ್ತಾಳೆ. ಸಿರಿವಂತಿಕೆ ಎಲ್ಲ ಕಡೆಯೂ ಇದೆ, ನಮ್ಮ ಹೆಚ್ಚುಗಾರಿಕೆ ಇರುವುದು ವೈವಿಧ್ಯದಲ್ಲಿ, ಆದ್ದರಿಂದ ಒಂಬತ್ತನೆಯ ಕಾಲಮ್ಮನ್ನು ಖಾಲಿ ಬಿಡಬೇಡಿ ಎಂದು ಬೆರಳಿಟ್ಟು ತೋರಿಸಿದರು. ಬಲ್ಲ ಭಾಷೆಗಳು ಎಷ್ಟು, ಯಾವುವು?

ಹಾಳೆಯಲ್ಲಿ ಅಕ್ಕಪಕ್ಕದವರು ತುಂಬಿದ್ದು ಕಾಣುತ್ತಿತ್ತು. ಬಲಮನೆಯ ವಕೀಲರು ಐದು. ಎಡಮನೆಯ ವಜ್ರದ ವ್ಯಾಪಾರಿ ಆರು, ಅದರಲ್ಲಿ ಒಂದನ್ನು ನಾಯಿಯ ಜೊತೆ ಮಾತ್ರ ಆಡುತ್ತಾರೆ. ನಾನು ಯಾವ ವಿಷಯದಲ್ಲೂ ಇವರನ್ನು ಮೀರಿಸಿದವನಲ್ಲ. ಅವರ ಗ್ಯಾರೇಜಿನಲ್ಲಿ ಹಿಡಿಸುವ ಮನೆಯಲ್ಲಿ ಬೆಳೆದವನು. ಪೆನ್ನು ನನ್ನ ಕೈಯಲ್ಲಿತ್ತು, ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ಏಳು ಎಂದು ಬರೆದೆ.

ಇದು ಶುದ್ಧ ಸುಳ್ಳು ಎಂದು ಯಾರೂ ಹೇಳಬಾರದು. ಲಿಫ್ಟ್ ತಪಾಸಣೆಯಲ್ಲಿ ಕೊನೆಗೊಂದು ಪರೀಕ್ಷೆ ಇರುತ್ತದೆ. ಕೆಂಪು ಗುಂಡಿ ಒತ್ತಬೇಕು, ಆಗ ಗೋಡೆಯೊಳಗಿನ ಧ್ವನಿ ಮಾತಾಡಬೇಕು: ಗಾಬರಿಯಾಗಬೇಡಿ. ಇದ್ದಲ್ಲಿಯೇ ಇರಿ. ಸಹಾಯ ಬರುತ್ತಿದೆ. ಮಹಾನಗರದಲ್ಲಿ ದೇಶದೇಶಗಳ ಕಚೇರಿಗಳಿವೆ, ಅವರವರ ಲಿಫ್ಟು ಅವರವರ ಭಾಷೆಯಲ್ಲೇ ಧೈರ್ಯ ಹೇಳುತ್ತದೆ. ಇಪ್ಪತ್ತೆರಡು ವರ್ಷ ಕೇಳಿ ಕೇಳಿ ಆ ಮೂರು ವಾಕ್ಯಗಳು ನನಗೆ ಏಳು ಭಾಷೆಗಳಲ್ಲಿ ಬಾಯಿಪಾಠ. ಏಳನೆಯದು ಯಾವುದೋ ಸಣ್ಣ ದ್ವೀಪದ ಭಾಷೆ. ಅವರ ವ್ಯಾಪಾರ ಕಚೇರಿಯಲ್ಲಿ ಹಳೇ ಲಿಫ್ಟೊಂದಿದೆ, ಅದನ್ನು ನಡೆಸುವ ಲಿಫ್ಟ್‌ಮ್ಯಾನ್ ಆ ದ್ವೀಪದವನೇ, ನನಗೆ ಉಚ್ಚಾರಣೆ ತಿದ್ದಿಕೊಟ್ಟಿದ್ದ. ಅದನ್ನೂ ಸೇರಿಸಿದೆ. ಅತಿ ಆಸೆ ಗತಿಗೇಡು ಎಂದು ಹಿರಿಯರು ಹೇಳಿದ್ದು ಒಂದೇ ಭಾಷೆಯಲ್ಲಾದರೂ ಸರಿಯಾಗಿಯೇ ಹೇಳಿದ್ದಾರೆ.

ಸೋಮವಾರ ಬೆಳಿಗ್ಗೆ ಪಟ್ಟಿ ಕ್ಲಬ್ಬಿನ ಫಲಕದ ಮೇಲಿತ್ತು. ಸಂಜೆ ನಾನು ಕೆಲಸದಿಂದ ಬಂದು ಗೇಟು ತೆಗೆಯುವಷ್ಟರಲ್ಲಿ ಎದುರುಮನೆಯ ಸೊಸೆ ರಸ್ತೆ ದಾಟಿ ಓಡಿಬಂದಳು. ಕಟ್ಟಡಗಳ ನಕ್ಷೆ ಬರೆಯುವ ಹುಡುಗಿ. ಗಂಡ ಹಡಗಿನಲ್ಲಿ ಇಂಜಿನಿಯರು, ಆಗ ನಡುಸಮುದ್ರದಲ್ಲಿದ್ದ, ಇನ್ನು ಮೂರು ವಾರ ಫೋನಿಗೂ ಸಿಗುವವನಲ್ಲ. ಮನೆಯಲ್ಲಿ ಅವಳು ಮತ್ತು ಎಂಟು ತಿಂಗಳ ಹಿಂದೆ ಬಂದ ಅತ್ತೆ. ಅತ್ತೆ ಆಡುವ ಭಾಷೆ ಸೊಸೆಗೆ ಗೊತ್ತಿಲ್ಲ, ಸೊಸೆ ಆಡುವುದು ಅತ್ತೆಗೆ ಗೊತ್ತಿಲ್ಲ. ಫೋನಿನಲ್ಲಿ ಅನುವಾದ ಮಾಡಿಸೋಣವೆಂದರೆ ಅಂಥ ಭಾಷೆಯೊಂದಿದೆ ಎಂಬುದೇ ಫೋನಿಗೆ ತಿಳಿಯದು. ಎಂಟು ತಿಂಗಳು ಇಬ್ಬರೂ ಕೈಸನ್ನೆಯಲ್ಲೇ ಸಂಸಾರ ಮಾಡಿದ್ದಾರೆ.

"ಅಂಕಲ್, ನಿಮಗೆ ನಮ್ಮತ್ತೆ ಭಾಷೆ ಬರುತ್ತೆ ಅಂತ ಗೊತ್ತೇ ಇರ್ಲಿಲ್ಲ," ಎಂದಳು. ಅವಳ ಕಣ್ಣು ತುಂಬಿತ್ತು. "ಐದು ನಿಮಿಷ ಬನ್ನಿ. ಅವರ ಜೊತೆ ಯಾರಾದ್ರೂ ಎದುರು ಕೂತು ಮಾತಾಡಿ ಎಂಟು ತಿಂಗಳಾಯ್ತು."

ಬಟ್ಟೆ ಬದಲಿಸಿ ಬರುತ್ತೇನೆ ಎಂದೆ, ಬಿಡಲಿಲ್ಲ. ಹೀಗಾಗಿ ನಾನು ಹೊಳೆಯುವ ಪಟ್ಟಿಯ ಕಿತ್ತಳೆ ಜಾಕೆಟ್ಟು, ತಲೆಗೆ ಹೆಲ್ಮೆಟ್ಟು, ಕೊರಳಿಗೆ ಇಲಾಖೆಯ ಗುರುತಿನ ಚೀಟಿ, ಕೈಯಲ್ಲಿ ಟಾರ್ಚು ಸಮೇತ ಅವರ ಹಾಲಿಗೆ ಹೋದೆ. ಅಜ್ಜಿ ಕಿಟಕಿಯ ಹತ್ತಿರ ಕೂತಿದ್ದರು. ಸಣ್ಣ ಜೀವ, ಚೂಪು ಕಣ್ಣು. ಸೊಸೆ ನನ್ನ ಕಡೆ ಕೈ ತೋರಿಸಿ ಪಕ್ಕಕ್ಕೆ ಸರಿದು ನಿಂತಳು. ನನಗೆ ಬರುತ್ತಿದ್ದುದೇ ಮೂರು ವಾಕ್ಯ. ನೆಟ್ಟಗೆ ನಿಂತು, ಗೋಡೆಯ ಧ್ವನಿ ಹೇಗೆ ಹೇಳುತ್ತದೋ ಹಾಗೆಯೇ, ನಿಧಾನವಾಗಿ, ಸ್ಪಷ್ಟವಾಗಿ ಹೇಳಿದೆ.

ಅಜ್ಜಿ ಎದ್ದು ನಿಂತರು. ನನ್ನ ಎರಡೂ ಕೈ ಹಿಡಿದುಕೊಂಡರು. ಆಮೇಲೆ ಶುರುವಾಯಿತು ನೋಡಿ, ಎಂಟು ತಿಂಗಳಿಂದ ಕಟ್ಟಿಟ್ಟ ಮಾತು. ಆಕಾಶ ತೋರಿಸಿದರು, ನಾನು ತಲೆಯಾಡಿಸಿದೆ. ಗೋಡೆಯ ಮೇಲೆ ಎದೆಯ ಮಟ್ಟಕ್ಕೆ ಕೈಯಿಟ್ಟು ಏನೋ ಕೇಳಿದರು, ಹೌದೆಂದು ತಲೆಯಾಡಿಸಿದೆ. ಎರಡು ಬೆರಳೆತ್ತಿ ತೋರಿಸಿದರು, ಅದಕ್ಕೂ ಆಡಿಸಿದೆ. ತಲೆಯಾಡಿಸುವುದರಲ್ಲಿ ನನಗೆ ಹತ್ತೊಂಬತ್ತು ವರ್ಷದ ದಾಂಪತ್ಯದ ಅನುಭವವಿದೆ. ಕೊನೆಗೆ ಅಜ್ಜಿ ನನ್ನ ಹೆಗಲು ತಟ್ಟಿ ಒಳಗೆ ಹೋಗಿ ಕಪಾಟು ತೆರೆದರು. ಏನೆಂದರು ಎಂದು ಸೊಸೆ ಕೇಳಿದಳು. ಮನಸ್ಸು ಹಗುರವಾಯಿತಂತೆ ಎಂದೆ. ಅವಳು ನನ್ನನ್ನು ಗೇಟಿನವರೆಗೂ ಬಂದು ಕಳಿಸಿದಳು. ಈ ಬಡಾವಣೆಯಲ್ಲಿ ಯಾರೂ ನನ್ನನ್ನು ಗೇಟಿನವರೆಗೆ ಬಂದು ಕಳಿಸಿದ್ದಿಲ್ಲ. ಜಗತ್ತನ್ನೇ ಗೆದ್ದಷ್ಟು ಹಿಗ್ಗಿದೆ.

ಮಂಗಳವಾರ ಬೆಳಿಗ್ಗೆ ಏಳಕ್ಕೆ ಅಜ್ಜಿ ಹೆಬ್ಬಾಗಿಲಿನ ಪಕ್ಕದ ಬೆಂಚಿನ ಮೇಲಿದ್ದರು. ಪಕ್ಕದಲ್ಲಿ ದೊಡ್ಡದೊಂದು ಚಕ್ರದ ಪೆಟ್ಟಿಗೆ. ಕೈಯಲ್ಲಿ ಕೊಡೆ. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ.

ಮೊದಲು ಗಾಬರಿಯಾದವನು ಕಾವಲುಗಾರ. ಅವನು ಕಾರ್ಯದರ್ಶಿಗೆ ಹೇಳಿದ, ಕಾರ್ಯದರ್ಶಿ ನಿಯಮಪುಸ್ತಕ ತೆರೆದರು. ಸಾರ್ವಜನಿಕ ಆಸನದ ಬಳಿ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಸಾಮಾನು ಇಡತಕ್ಕದ್ದಲ್ಲ, ನಲವತ್ತೊಂದನೆಯ ನಿಯಮ. ಆದರೆ ಅದನ್ನು ಅಜ್ಜಿಗೆ ಹೇಳುವವರು ಯಾರು? ಎಲ್ಲರ ಮುಖ ನನ್ನ ಕಡೆ ತಿರುಗಿತು. ರೈಲು ಹಿಡಿಯಲು ಹೊರಟಿದ್ದ ನನ್ನನ್ನು ಅದೇ ಜಾಕೆಟ್ಟಿನಲ್ಲಿ ಬೆಂಚಿನ ಮುಂದೆ ನಿಲ್ಲಿಸಿದರು. ನಾನೇನು ಮಾಡಲಿ? ಇದ್ದ ಬಂಡವಾಳವನ್ನೇ ಬಿಚ್ಚಿದೆ. ಗಾಬರಿಯಾಗಬೇಡಿ, ಇದ್ದಲ್ಲಿಯೇ ಇರಿ, ಸಹಾಯ ಬರುತ್ತಿದೆ.

ಅಜ್ಜಿ ಗಂಭೀರವಾಗಿ ತಲೆಯಾಡಿಸಿ, ಬೆಂಚಿನ ಮೇಲೆ ಇನ್ನಷ್ಟು ಭದ್ರವಾಗಿ ಕೂತರು. ಸಂಜೆ ಕತ್ತಲಾಗುವವರೆಗೆ ಏಳಲಿಲ್ಲ.

ಬುಧವಾರವೂ ಅದೇ ಕಥೆ, ಈ ಸಲ ಬುತ್ತಿಯ ಡಬ್ಬಿಯೂ ಬಂದಿತ್ತು. ಮತ್ತೆ ನನ್ನನ್ನು ಕರೆಸಿದರು. ನಾನು ಬಾಯಿ ಬಿಟ್ಟಷ್ಟೂ ಅಜ್ಜಿಯ ಸಂಕಲ್ಪ ಗಟ್ಟಿಯಾಗುತ್ತಿತ್ತು. ಇದನ್ನು ಕಾರ್ಯದರ್ಶಿಯೂ ಗಮನಿಸಿದರು. ನೀವು ಏಳಿ ಅನ್ನುತ್ತಿದ್ದೀರೋ ಕೂತ್ಕೊಳ್ಳಿ ಅನ್ನುತ್ತಿದ್ದೀರೋ ಎಂದು ಕೇಳಿದರು. ಅದು ಬಹಳ ಸೂಕ್ಷ್ಮವಾದ ಭಾಷೆ ಎಂದೆ.

ಬಡಾವಣೆಯ ಜನ ಬಾಯಿ ಬಿಟ್ಟು ಏನೂ ಕೇಳುವವರಲ್ಲ. ಆದರೆ ಅಂದು ಎಲ್ಲರ ನಾಯಿಗಳಿಗೂ ಆ ಬೆಂಚಿನ ಕಡೆಗೇ ವಾಯುವಿಹಾರ ಬೇಕಾಯಿತು. ವಕೀಲರು ಸೊಸೆಯದೇ ಏನೋ ತಪ್ಪಿರಬೇಕು ಎಂದರಂತೆ. ವಜ್ರದ ವ್ಯಾಪಾರಿಯ ಹೆಂಡತಿ, ಪಾಪ, ಅತ್ತೆಗೆ ಅಲ್ಲಿ ಏನು ಕಷ್ಟವೋ, ನಾವು ತಲೆ ಹಾಕಬಾರದು ಎಂದು ಹನ್ನೆರಡು ಮನೆಗೆ ಹೋಗಿ ಹೇಳಿಬಂದರು. ಇಲಿ ಹೋಯಿತೆಂದರೆ ಹುಲಿ ಹೋಯಿತು ಎನ್ನುವವರು ಹಳ್ಳಿಯವರೇ ಆಗಬೇಕೆಂದಿಲ್ಲ, ಕೆನೆ ಬಣ್ಣದ ಮನೆಯವರೂ ಆಗಬಹುದು.

ಇತ್ತ ಸೊಸೆ ಕೆಲಸಕ್ಕೆ ರಜೆ ಹಾಕಿ ಬೆಂಚಿನ ಸುತ್ತ ತಿರುಗುತ್ತಿದ್ದಳು. ಅತ್ತೆ ಆಗಾಗ ಅವಳ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಳ್ಳುವರು, ಬೆನ್ನು ಸವರುವರು, ಮತ್ತೆ ರಸ್ತೆ ನೋಡುವರು. ಇದನ್ನು ಅವಳು ವಿದಾಯ ಎಂದುಕೊಂಡಳು. ಸಂಜೆ ನಮ್ಮ ಮನೆಗೆ ಬಂದಳು.

"ನಾನೇನು ತಪ್ಪು ಮಾಡ್ದೆ ಅಂತ ಕೇಳಿ ಹೇಳಿ ಅಂಕಲ್," ಎಂದಳು. "ಬೈದರೂ ಪರವಾಗಿಲ್ಲ. ಅದೇ ಮಾತಲ್ಲಿ ಹೇಳಿ. ನನಗೆ ಅವರು ಬೇಕು. ಅವರಿಗೆ ನಾನು ಬೇಡ ಅಂದ್ರೆ ಅದಾದ್ರೂ ಗೊತ್ತಾಗ್ಲಿ."

ಆ ಗಳಿಗೆಯಲ್ಲಿ ನಿಜ ಹೇಳಿದ್ದರೆ ಮನುಷ್ಯನೆನಿಸಿಕೊಳ್ಳುತ್ತಿದ್ದೆ. ಆದರೆ ಕ್ಲಬ್ಬಿನ ಫಲಕದ ಮೇಲೆ ನನ್ನ ಹೆಸರಿನ ಮುಂದಿದ್ದ ಏಳು ನನ್ನ ಕೊರಳು ಹಿಡಿದಿತ್ತು. ಅವರಿಗೆ ಊರಿನ ನೆನಪಾಗುತ್ತಿದೆ, ನಿನ್ನ ಮೇಲೆ ಕೋಪವೇನಿಲ್ಲ ಎಂದುಬಿಟ್ಟೆ. ಹುಡುಗಿ ಥ್ಯಾಂಕ್ಸ್ ಹೇಳಿ ಹೋದಳು. ಗುರುವಾರ ಬೆಳಿಗ್ಗೆ ಸುದ್ದಿ ಬಂತು: ಸೊಸೆ ಅತ್ತೆಗೆ ಊರಿಗೆ ಟಿಕೆಟ್ ತೆಗೆದಿದ್ದಾಳೆ, ಶನಿವಾರದ ವಿಮಾನಕ್ಕೆ.

ಕಾರ್ಯದರ್ಶಿಗೆ ಇದರಿಂದ ಸಮಾಧಾನವೂ ಆಯಿತು, ಅಸಮಾಧಾನವೂ ಆಯಿತು. ಹೋಗುವುದು ಸರಿ, ಆದರೆ ಶುಕ್ರವಾರಕ್ಕೆ ಮುಂಚೆಯೇ ಹೋಗಬಾರದಿತ್ತೇ ಎಂದರು.

ಗುರುವಾರ ನನ್ನ ಹೆಂಡತಿಗೆ ಆಪರೇಷನ್ ಇರಲಿಲ್ಲ. ಆದ್ದರಿಂದ ಅವಳಿಗೆ ನನ್ನ ಕಡೆ ನೋಡಲು ಪುರಸೊತ್ತಿತ್ತು. ಕಾಫಿ ಲೋಟ ಮುಂದಿಟ್ಟು, ಆ ಅಜ್ಜಿಗೆ ಏನು ಹೇಳಿದಿರಿ, ಹಾಗೇ ಹೇಳಿ ಎಂದಳು. ಹೇಳಿದೆ. ಅರ್ಥ ಕೇಳಿದಳು. ಅರ್ಥವನ್ನೂ ಹೇಳಿದೆ. ಇನ್ನೇನು ಬರುತ್ತದೆ ಎಂದು ಕೇಳಿದಳು. ಹದಿಮೂರು ಜನಕ್ಕಿಂತ ಹೆಚ್ಚು ಹತ್ತಬೇಡಿ ಎಂಬುದು ಅರ್ಧ ಬರುತ್ತದೆ ಎಂದೆ.

ಅವಳು ನಗಲಿಲ್ಲ. "ರೀ, ಅಲ್ಲೊಂದು ಮನೆ ಒಡೀತಿದೆ," ಎಂದಳು. "ನಿಮ್ಮ ಮರ್ಯಾದೆ ಏನು, ಇವತ್ತು ಹೋದರೆ ಬರೋ ವಾರ ಬರುತ್ತೆ. ಈಗ್ಲೇ ಹೋಗಿ ಹೇಳಿ ಬನ್ನಿ."

ರಸ್ತೆಯ ಅಗಲ ಇಪ್ಪತ್ತು ಅಡಿ. ದಾಟಲು ನನಗೆ ಕಾಲು ಗಂಟೆ ಹಿಡಿಯಿತು. ಎದುರುಮನೆಯ ಬಾಗಿಲಲ್ಲಿ ನಿಂತು ಎಲ್ಲ ಹೇಳಿದೆ: ಏಳು ಭಾಷೆ, ಕೆಂಪು ಗುಂಡಿ, ಮೂರು ವಾಕ್ಯ, ಊರಿನ ನೆನಪು ಎಂಬ ಸುಳ್ಳು. ಹುಡುಗಿ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಹಾಗಾದರೆ ಅತ್ತೆ ಯಾಕೆ ಹೊರಟಿದ್ದಾರೆಂದು ಯಾರಿಗೂ ಗೊತ್ತಿಲ್ಲವಲ್ಲ ಎಂದಳು. ಗೊತ್ತಿಲ್ಲ ಎಂದೆ.

"ಆ ಭಾಷೆ ನಿಜವಾಗ್ಲೂ ಬರೋರು ಯಾರಿದಾರೋ ಅವರನ್ನ ಕರ್ಕೊಂಡು ಬನ್ನಿ," ಎಂದು ಬಾಗಿಲು ಹಾಕಿಕೊಂಡಳು.

ದ್ವೀಪದ ವ್ಯಾಪಾರ ಕಚೇರಿಯ ಲಿಫ್ಟ್‌ಮ್ಯಾನ್‌ಗೆ ಅರವತ್ತರ ಮೇಲಾಗಿದೆ. ಶುಕ್ರವಾರ ಬೆಳಿಗ್ಗೆ ಅವನ ಲಿಫ್ಟಿಗೆ ದುರಸ್ತಿಯಲ್ಲಿದೆ ಎಂಬ ಹಲಗೆ ತೂಗುಹಾಕಿ, ಅಧಿಕೃತವಾಗಿ ನಾನೇ ಸಹಿ ಮಾಡಿ, ಅವನನ್ನು ರೈಲಿನಲ್ಲಿ ಕರೆತಂದೆ. ಹೆಬ್ಬಾಗಿಲಿಗೆ ಬರುವಷ್ಟರಲ್ಲಿ ಹತ್ತೂವರೆ. ಬೆಂಚಿನ ಮೇಲೆ ಅಜ್ಜಿ, ಪಕ್ಕದಲ್ಲಿ ಪೆಟ್ಟಿಗೆ, ಹಿಂದೆ ಸೊಸೆ, ಮುಂದೆ ಪತ್ರಿಕೆಯವಳು. ಇವಳಿಗೂ ಅಜ್ಜಿಗೂ ನಡುವೆ ಕಾರ್ಯದರ್ಶಿ ನಿಂತು, ನಮ್ಮ ಕಾರಂಜಿ ಆ ಕಡೆ ಇದೆ, ಆ ಕಡೆ ಇದೆ ಎನ್ನುತ್ತಿದ್ದರು. ಅವಳು ಕಾರಂಜಿಯನ್ನು ಎಲ್ಲ ಬಡಾವಣೆಗಳಲ್ಲೂ ನೋಡಿದ್ದವಳು, ಬೆಂಚನ್ನೇ ನೋಡುತ್ತಿದ್ದಳು. ನನ್ನನ್ನು ಕಂಡು, ಏಳು ಭಾಷೆ ಬಲ್ಲವರು ನೀವೇನಾ ಎಂದು ಕೇಳಿದಳು. ಒಂದು ಎಂದೆ. ಕಾರ್ಯದರ್ಶಿಯ ಮುಖ, ಅತ್ತರಿನ ಬಾಟಲಿಯಲ್ಲಿ ನೀರು ಸಿಕ್ಕಂತಾಯಿತು.

ಲಿಫ್ಟ್‌ಮ್ಯಾನ್ ಟೋಪಿ ತೆಗೆದು ಅಜ್ಜಿಯ ಮುಂದೆ ಮೊಣಕಾಲೂರಿ ಏನೋ ಕೇಳಿದ. ಅಜ್ಜಿ ಒಂದು ಕ್ಷಣ ಅವನನ್ನೇ ನೋಡಿದರು. ಆಮೇಲೆ ಬೈಗುಳ ಹೊರಟಿತು. ಭಾಷೆ ಬರದಿದ್ದರೂ ಅದು ಬೈಗುಳ ಎಂದು ನನಗೆ ತಿಳಿಯಿತು, ಏಕೆಂದರೆ ಅವರ ಬೆರಳು ನನ್ನ ಕಡೆಗಿತ್ತು. ಲಿಫ್ಟ್‌ಮ್ಯಾನ್ ಮಧ್ಯೆ ಮಧ್ಯೆ ತುಟಿ ಕಚ್ಚಿಕೊಳ್ಳುತ್ತಿದ್ದ.

ಅವನು ಹೇಳಿದ್ದು ಇಷ್ಟು. ಅವರ ದ್ವೀಪದಲ್ಲಿ ವರ್ಷಕ್ಕೆರಡು ಸಲ ಕಡಲು ಊರೊಳಗೆ ಬರುತ್ತದೆ. ಬರುವ ಮುಂಚೆ ಹೊಳೆಯುವ ಜಾಕೆಟ್ಟು, ಹೆಲ್ಮೆಟ್ಟು ಹಾಕಿದ ಸರ್ಕಾರಿ ಮನುಷ್ಯ ಟಾರ್ಚು ಹಿಡಿದು ಮನೆಮನೆಗೆ ಬಂದು ಹೇಳುವುದು ಈ ಮೂರೇ ಮಾತು. ಕೇಳಿದವರು ಎಲ್ಲೂ ಓಡಿಹೋಗದೆ, ಗಂಟು ಕಟ್ಟಿಕೊಂಡು ರಸ್ತೆಗೆ ಬಂದು ಕೂರಬೇಕು, ವಾಹನ ಬರುತ್ತದೆ. ಎದೆಮಟ್ಟ ನೀರು ಬರುತ್ತದಾ ಎಂದು ಅಜ್ಜಿ ಕೇಳಿದ್ದಕ್ಕೆ ಈ ಮನುಷ್ಯ ಹೌದೆಂದನಂತೆ. ನಮ್ಮಲ್ಲಿ ಎರಡು ಗಂಟೆಯಲ್ಲಿ ವಾಹನ ಬರುತ್ತದೆ, ಇಲ್ಲಿ ನಾಲ್ಕು ದಿನವಾದರೂ ಪತ್ತೆಯಿಲ್ಲ, ಕೇಳಿದಾಗಲೆಲ್ಲ ಬರುತ್ತಿದೆ ಬರುತ್ತಿದೆ ಅನ್ನುತ್ತಾನೆ, ಇಷ್ಟು ದೊಡ್ಡ ದೊಡ್ಡ ಮನೆ ಕಟ್ಟಿಕೊಂಡಿದ್ದೀರಿ, ಒಂದು ಸರಿಯಾದ ಅಧಿಕಾರಿ ಇಟ್ಟುಕೊಳ್ಳೋಕೆ ಆಗಲಿಲ್ಲವಾ ಎಂದು ಅಜ್ಜಿಯ ಪ್ರಶ್ನೆ.

ಪತ್ರಿಕೆಯವಳು ಪೆನ್ನು ನಿಲ್ಲಿಸಿದಳು. ನೀರು ಬರುವುದಿಲ್ಲ, ಕಡಲು ಇಲ್ಲಿಂದ ಮುನ್ನೂರು ಮೈಲಿ ಎಂದು ಲಿಫ್ಟ್‌ಮ್ಯಾನ್ ಅಜ್ಜಿಗೆ ವಿವರಿಸಿದ. ಅಜ್ಜಿ ನಂಬಲಿಲ್ಲ. ಎರಡು ಸಲ ಹೇಳಿಸಿಕೊಂಡರು.

ಸೊಸೆ ಬೆಂಚಿನ ಹಿಂದಿನಿಂದ ಕದಲಿರಲಿಲ್ಲ. "ಹಾಗಾದ್ರೆ ಅವರು ನನ್ನನ್ನ ಬಿಟ್ಟು ಊರಿಗೆ ಹೊರಟಿದ್ದಲ್ವಾ?" ಎಂದು ಕೇಳಿದಳು.

ಲಿಫ್ಟ್‌ಮ್ಯಾನ್ ಕೇಳಿದ. ಅಜ್ಜಿ, ಇದೂ ಒಂದು ಪ್ರಶ್ನೆಯೇ ಎಂಬಂತೆ ಪೆಟ್ಟಿಗೆಯನ್ನು ಮಲಗಿಸಿ, ಬೀಗ ತೆಗೆದು, ಮುಚ್ಚಳ ಎತ್ತಿದರು. ಕಾರ್ಯದರ್ಶಿ ಮೂವತ್ತು ವರ್ಷ ಪರರ ಪೆಟ್ಟಿಗೆ ನೋಡಿದವರು, ಅಂದು ಮುಖ ಆ ಕಡೆ ತಿರುಗಿಸಿಕೊಂಡರು.

ಮೇಲೆ ಸೊಸೆಯ ಉಣ್ಣೆ ಕೋಟು. ಅದರ ಕೆಳಗೆ, ನೀರು ಇಳಿಯದಂತೆ ಪ್ಲಾಸ್ಟಿಕ್ಕಿನಲ್ಲಿ ಮೂರು ಸುತ್ತು ಸುತ್ತಿದ ಅವಳ ಕಾಲೇಜಿನ ಕಾಲದ ನಕ್ಷೆಗಳು. ಅವಳ ಹಳೇ ಕನ್ನಡಕ, ಅವಳು ತಲೆನೋವಿಗೆ ನುಂಗುವ ಮಾತ್ರೆ, ಅವಳ ಅಮ್ಮನ ಫೋಟೋ. ಒಂದು ಮೂಲೆಯಲ್ಲಿ ಕರವಸ್ತ್ರದಷ್ಟು ಜಾಗದಲ್ಲಿ ಅಜ್ಜಿಯ ಒಂದು ಜೊತೆ ಬಟ್ಟೆ. ಎಲ್ಲಕ್ಕಿಂತ ಕೆಳಗೆ ಸೊಸೆಯ ರಬ್ಬರ್ ಬೂಟು.

ಹುಡುಗಿ ಬೂಟನ್ನು ಎತ್ತಿಕೊಂಡು ಅದನ್ನೇ ನೋಡಿದಳು. ಇದನ್ನು ಯಾಕೆ ಇಟ್ಟಿದ್ದಾರೆಂದು ಕೇಳಿದಳು. ಈ ಸಲ ಅಜ್ಜಿಗೆ ಸಿಟ್ಟೇ ಬಂತು.

"ನೀರು ಇಳಿದ ಮೇಲೆ ಕೆಸರು ಇರುತ್ತಲ್ಲ," ಎಂದು ಲಿಫ್ಟ್‌ಮ್ಯಾನ್ ತಿಳಿಸಿದ. "ಬರಿಗಾಲಲ್ಲಿ ನಡೀತೀಯಾ ಅಂತ ಕೇಳ್ತಿದಾರಮ್ಮ."

ಅವಳು ಕಣ್ಣೊರೆಸಿಕೊಂಡು, ಟಿಕೆಟ್ ವಾಪಸ್ ಮಾಡ್ತೀನಿ ಅಂತ ಅವರಿಗೆ ಹೇಳಿ ಎಂದಳು. ಟಿಕೆಟ್ ತೆಗೆದ ವಿಷಯವೇ ಅವರಿಗೆ ಗೊತ್ತಿಲ್ಲವಲ್ಲ ಎಂದ ಲಿಫ್ಟ್‌ಮ್ಯಾನ್.

"ಹಾಗಾದ್ರೆ ಹೇಳ್ಬೇಡಿ."

ಆಮೇಲೆ ಅವಳು ಬೆಂಚಿನ ಮೇಲೆ ಕೂತು, ಚಪ್ಪಲಿ ಕಳಚಿ, ಆ ಸುಡುಬಿಸಿಲಿನಲ್ಲಿ ಬೂಟನ್ನು ಹಾಕಿಕೊಂಡಳು. ಅಜ್ಜಿ ಬಗ್ಗಿ ಬೆರಳಿನ ಜಾಗ ಒತ್ತಿ ನೋಡಿ, ಸರಿಯಿದೆ ಎಂಬಂತೆ ತಲೆಯಾಡಿಸಿದರು. ಇಬ್ಬರೂ ತೋಳು ಹಿಡಿದುಕೊಂಡು ಒಣಗಿದ ರಸ್ತೆಯ ನಡುವೆ ಮನೆ ಕಡೆ ಹೊರಟರು. ಬೂಟು ಹೆಜ್ಜೆಗೊಮ್ಮೆ ಚಪ್ ಚಪ್ ಎನ್ನುತ್ತಿತ್ತು. ನಾನು ಪೆಟ್ಟಿಗೆ ತೆಗೆದುಕೊಂಡು ಹಿಂದೆ ಹೋದೆ. ಅದರ ಒಂದು ಚಕ್ರ ಮುರಿದಿತ್ತು, ಹೊತ್ತುಕೊಂಡೇ ಹೋಗಬೇಕಾಯಿತು.